ನೀಹಾರಿಕೆಯೊಳಗೆ ನಮ್ಮನ್ನು ಕೂರಿಸಿದ ಸ್ಟುಡಿಯೋದವರಿಗೆ

ಸಿದ್ದಾಪುರ,
೧೯೬೧, ಫೆಬ್ರವರಿ

ವಿರಾಜಪೇಟೆಯ ಚಂದ್ರಿಕಾ ಸ್ಟುಡಿಯೋದ ಮಾಲೀಕರೂ, ಮುಖದ ಮೇಲಿನ ಸಿಡುಬಿನ ಕಲೆ ಅಳಿಸಿ, ಬೋಳು ತಲೆಗೆ ಕೂದಲು ಬೆಳೆಸಿ, ಈ ಸೀಮೆಯ ಎಷ್ಟೋ ಮದುವೆಗಳು ಕುದುರಲು ಕಾರಣರಾದವರೂ ಆದ ಶ್ರೀ ಮೊಣ್ಣಪ್ಪನವರಿಗೆ, ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನಾಣಯ್ಯನ ಸವಿನಯ ನಮಸ್ಕಾರಗಳು.

ಮಾನ್ಯರೇ,

ನಾನೂ ನನ್ನ ಹೆಂಡತಿ ಹೊನ್ನಮ್ಮನೂ ಕ್ಷೇಮವಾಗಿದ್ದೇವೆ. ಎಲ್ಲರೂ ಪತ್ರದ ಮೊದಲಿಗೆ ಬರೆಯುವ ಮಾತು ಇದು ಎಂದು ತಾವು ದಯವಿಟ್ಟು ತಿಳಿಯಬಾರದು. ತಮಗೆ ಒಂದು ಕಾರ್ಡು ಬರೆದು ಮುಗಿಸಬಹುದಾಗಿದ್ದ ವಿಷಯವನ್ನು ಪತ್ರಿಕೆಯ ಮೂಲಕ ಬಹಿರಂಗವಾಗಿ ಬರೆಯುತ್ತಿರುವುದೇ ಈ ಒಂದು ವಾಕ್ಯವನ್ನು ನಾಲ್ಕು ಜನ ಓದಲಿ ಎಂದು. ನಾವು ಬದುಕಿದ್ದೇವೆ.

ಈ ವ್ಯವಹಾರದ ಮೂಲವನ್ನು ಓದುಗರಿಗೆ ತಿಳಿಸುವುದು ನನ್ನ ಕರ್ತವ್ಯ. ಏಳೆಂಟು ವರ್ಷದ ಹಿಂದೆ ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬರ ಸಾಮಾನಿನ ಜೊತೆ ನನ್ನ ಪಾಲಿಗೆ ಒಂದು ದೂರದರ್ಶಕ ಬಂದಿತ್ತು. ಎರಡು ವರ್ಷದ ಹಿಂದೆ ನಮ್ಮ ಸಾಹುಕಾರರ ಬಂಗಲೆಯಲ್ಲಿ ವಿದೇಶದ ಪತ್ರಿಕೆಯೊಂದರಲ್ಲಿ ನೀಹಾರಿಕೆಗಳ ಬಣ್ಣದ ಚಿತ್ರಗಳನ್ನು ನೋಡಿದೆ. ನಕ್ಷತ್ರಗಳ ನಡುವೆ ಹರಡಿಕೊಂಡ ಧೂಳು ಮತ್ತು ಅನಿಲದ ಆ ಮೋಡಗಳು ಗುಲಾಬಿಯಾಗಿಯೂ ನೀಲಿಯಾಗಿಯೂ ಹೊಳೆಯುತ್ತಿದ್ದವು. ಅಂದು ಸಂಜೆಯೇ ಕಾಫಿ ಒಣಗಿಸುವ ಕಣದಲ್ಲಿ ದೂರದರ್ಶಕ ಹೂಡಿ, ಮಹಾವ್ಯಾಧ ನಕ್ಷತ್ರಪುಂಜದ ಕತ್ತಿಯಲ್ಲಿರುವ ನೀಹಾರಿಕೆಯನ್ನು ಹೊನ್ನಮ್ಮನಿಗೆ ತೋರಿಸಿದೆ. ಅವಳು ತುಂಬ ಹೊತ್ತು ನೋಡಿ, "ಇದ್ರಲ್ಲಿ ಬಣ್ಣ ಎಲ್ಲುಟ್ಟು? ಒಲೆ ಹೊಗೆ ಹಂಗೆ ಉಟ್ಟಲ್ಲಾ" ಎಂದಳು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಹತ್ತುವುದಿಲ್ಲವೆಂದೂ, ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಹಿಡಿಯುತ್ತದೆಂದೂ ನಾನು ಹೇಳಿದೆ. ಹೇಳಿದ ಮೇಲೆ ಹಿಡಿದು ತೋರಿಸಬೇಕಾಯಿತು.

ಭೂಮಿ ತಿರುಗುವುದರಿಂದ ಆಕಾಶ ಜರುಗುತ್ತಲೇ ಇರುತ್ತದೆ ಎಂಬುದು ತಮಗೆ ತಿಳಿಯದ್ದೇನಲ್ಲ. ಕ್ಯಾಮೆರಾವನ್ನು ದೂರದರ್ಶಕದ ಬೆನ್ನಿಗೆ ಕಟ್ಟಿ, ಅದರ ಬಾಯಿ ತೆರೆದಿಟ್ಟು, ಒಂದು ನಕ್ಷತ್ರ ಮಸೂರದ ಗೆರೆಯಿಂದ ಆಚೀಚೆ ಹೋಗದಂತೆ ಅರ್ಧ ಗಂಟೆ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತಿರಬೇಕು. ನನ್ನ ಕೈ ನಡುಗುತ್ತದೆ, ಹೊನ್ನಮ್ಮನ ಕೈ ನಡುಗುವುದಿಲ್ಲ. ಹೀಗಾಗಿ ಆಕಾಶ ನೋಡುವ ಕೆಲಸ ನನ್ನದಾಯಿತು, ಒಂದೇ ಒಂದು ನಕ್ಷತ್ರವನ್ನು ಕುತ್ತಿಗೆ ಹಿಡಿಯುವಷ್ಟು ಹೊತ್ತು ದಿಟ್ಟಿಸುವ ಕೆಲಸ ಅವಳದಾಯಿತು.

ಹೋದ ವರ್ಷ ಹಾಗೆ ತೆಗೆದ ಮೊದಲ ಫಿಲ್ಮನ್ನು ವಿರಾಜಪೇಟೆ ಬಸ್ಸಿನಲ್ಲಿ ತಮಗೆ ಕಳಿಸಿದೆ. ತಾವು ಅದನ್ನು ತೊಳೆದು ನೋಡಿದಿರಿ, ತುಂಬ ಚುಕ್ಕೆಗಳೂ ನಡುವೆ ಒಂದು ಮಸುಕು ಕಲೆಯೂ ಕಂಡವು. ನಮ್ಮ ಮಳೆಗಾಲಕ್ಕೆ ಬೂಷ್ಟು ಹಿಡಿದ ಎಷ್ಟು ಫಿಲ್ಮುಗಳನ್ನು ತಾವು ಉದ್ಧರಿಸಿಲ್ಲ! ಬ್ಲೇಡಿನ ತುದಿಯಿಂದ ಒಂದೊಂದೇ ಚುಕ್ಕೆಯನ್ನು ಹೆರೆದು, ಕಲೆಯನ್ನೂ ಉಜ್ಜಿ, ಅಪ್ಪಟ ಕಪ್ಪು ಚಿತ್ರವೊಂದನ್ನು ರಟ್ಟಿಗೆ ಅಂಟಿಸಿ, "ಬೂಷ್ಟು ಪೂರ್ತಿ ಹೋಗಿದೆ" ಎಂಬ ಚೀಟಿಯೊಡನೆ ಕಳಿಸಿದಿರಿ. ಸೃಷ್ಟಿಯಾದಂದಿನಿಂದ ಯಾರ ಕೈಲೂ ಆಗದ ಕೆಲಸವನ್ನು ತಾವು ಮಧ್ಯಾಹ್ನದ ಊಟದೊಳಗೆ ಮುಗಿಸಿದ್ದಕ್ಕೆ ನನ್ನ ಅಭಿನಂದನೆಗಳು. ಹೊನ್ನಮ್ಮ ಆ ಕಪ್ಪು ರಟ್ಟನ್ನು ತಿರುವಿ ಹಿಂಬದಿಯನ್ನೂ ನೋಡಿದಳು.

ನಾನು ಖುದ್ದಾಗಿ ವಿರಾಜಪೇಟೆಗೆ ಬಂದು ವಿಷಯ ವಿವರಿಸಿದಾಗ ತಾವು ಕುರ್ಚಿ ಕೊಟ್ಟು, ಕಾಫಿ ತರಿಸಿ, ಬಹಳ ನೊಂದುಕೊಂಡಿರಿ. ಆದ್ದರಿಂದ ಈ ಜನವರಿಯ ಅಮಾವಾಸ್ಯೆಯಂದು ತೆಗೆದ ಫಿಲ್ಮನ್ನೂ ತಮ್ಮಲ್ಲಿಗೇ ಕಳಿಸಿದೆ. "ಇದರಿಂದ ಏನನ್ನೂ ತೆಗೆಯಕೂಡದು" ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ತಾವು ಏನನ್ನೂ ತೆಗೆಯಲಿಲ್ಲ. ಏನನ್ನೂ ಸೇರಿಸಕೂಡದು ಎಂದು ಬರೆಯಲು ನನಗೆ ಹೊಳೆಯಲಿಲ್ಲ.

ಮೋಡದ ಚಿತ್ರ ದೊಡ್ಡದು ಮಾಡಿಸುವವರೆಲ್ಲ ತೀರಿಕೊಂಡವರಿಗಾಗಿಯೇ ಮಾಡಿಸುವುದು ಎಂಬ ತಮ್ಮ ಇಷ್ಟು ವರ್ಷದ ಅನುಭವವನ್ನು ನಾನು ಪ್ರಶ್ನಿಸಲಾರೆ. ಬರಿಯ ಬೂದು ಹೊಗೆ ಚೆನ್ನಾಗಿ ಕಾಣದೆಂದು ತಾವು ಅದಕ್ಕೆ ಗುಲಾಬಿ, ನೀಲಿ ಬಣ್ಣಗಳನ್ನು ತುಂಬಿದಿರಿ. ಅಮಾವಾಸ್ಯೆಯೆಂದು ಗೊತ್ತಿದ್ದೂ ಮೂಲೆಯಲ್ಲೊಂದು ಅರ್ಧಚಂದ್ರನನ್ನು ಕೂರಿಸಿದಿರಿ. ಹಿಂದೊಮ್ಮೆ ತಮ್ಮಲ್ಲಿಯೇ ತೆಗೆಸಿದ್ದ ನಮ್ಮ ಜೋಡಿ ಫೋಟೋ ಹುಡುಕಿ, ನೀಹಾರಿಕೆಯ ನಟ್ಟನಡುವೆ ನಮ್ಮಿಬ್ಬರನ್ನೂ ಎದೆಮಟ್ಟ ತೇಲಿಬಿಟ್ಟಿರಿ. ಅಷ್ಟು ಚಂದ ಬಂದದ್ದನ್ನು ನನಗೊಬ್ಬನಿಗೇ ಕಳಿಸಲು ಮನಸ್ಸಾಗದೆ ಇನ್ನೊಂದು ದೊಡ್ಡ ಪ್ರತಿ ಮಾಡಿ, ಗಂಧದ ಹಾರ ಹಾಕಿ, ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಟ್ಟಿರಿ.

ಆ ವಾರ ಹೊನ್ನಮ್ಮನ ಅಣ್ಣ, ಅಂದರೆ ನನ್ನ ಭಾವ ಮಾಯಿಲಪ್ಪನವರು ಮೆಣಸಿನ ವ್ಯಾಪಾರಕ್ಕೆಂದು ಸೋಮವಾರಪೇಟೆಯಿಂದ ವಿರಾಜಪೇಟೆಗೆ ಬಂದಿದ್ದರು. ಭಾವ ನಮ್ಮ ಮನೆಗೆ ಬರದೆ ಆರು ವರ್ಷವಾಗಿತ್ತು. ಅವರ ಏಲಕ್ಕಿ ತೋಟದಲ್ಲಿ ಪಾಲುಗಾರನಾಗೆಂದು ನನ್ನನ್ನು ಕರೆದಿದ್ದರು, ಅಲ್ಲಿ ಮರ ದಟ್ಟ, ಆಕಾಶ ಕಾಣದು ಎಂದು ನಾನು ಒಪ್ಪಲಿಲ್ಲ. ಆ ಕೊಳವೆ ಇರುವ ತನಕ ನಿಮ್ಮ ಮನೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹೋದವರು ಮತ್ತೆ ಬಂದಿರಲಿಲ್ಲ. ಆ ಮಾತನ್ನು ಹೊನ್ನಮ್ಮ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಅಂಥವರು ತಮ್ಮ ಅಂಗಡಿಯ ಕಿಟಕಿಯ ಮುಂದೆ ನಿಂತು, ತಂಗಿಯನ್ನೂ ನನ್ನನ್ನೂ ಮೋಡದ ಮೇಲೆ, ಹಾರದ ಒಳಗೆ ನೋಡಿದರು. ಒಳಗೆ ಬಂದು ಕೇಳಲು ಅವರಿಗೆ ಧೈರ್ಯವಾಗಲಿಲ್ಲವಂತೆ. ಮೆಣಸಿನ ಮೂಟೆ ಅಲ್ಲಿಯೇ ಬಿಟ್ಟು ಸಿದ್ದಾಪುರದ ಬಸ್ಸು ಹತ್ತಿದರು. ನಮ್ಮ ಮನೆ ಮುಂದೆ ಬಂದು ಬಾಯಿಗೆ ಟವೆಲು ಒತ್ತಿಕೊಂಡು ನಿಂತಾಗ ಹೊನ್ನಮ್ಮ ಕಣದಲ್ಲಿ ಕಾಫಿ ಬೀಜ ಕೆದಕುತ್ತಿದ್ದಳು. ಭಾವ ಸ್ಟುಡಿಯೋ, ಹಾರ, ಮೋಡ ಎಂದು ಏನೇನೋ ತೊದಲಿ ಅಲ್ಲಿಯೇ ಕುಕ್ಕರಿಸಿದರು. ಕಿಟಕಿಯಲ್ಲಿ ಕಂಡದ್ದನ್ನು ಅವಳು ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡಳು. ಆಮೇಲೆ ಕೆಳಗೆ ಅವರ ಪಕ್ಕದಲ್ಲಿ ಕೂತು ಕೇಳಿದಳು: "ಬದ್ಕಿದ್ದಾಗ ಬರಿಕೆ ಎಂಥ ಆಗಿತ್ ಅಣ್ಣಾ?"

ಭಾವ ಅಕ್ಕಿರೊಟ್ಟಿ ತಿಂದರು, ನನ್ನನ್ನು ಬೈದರು, ಉಳಿದುಕೊಂಡರು. ಮಾರನೆಯ ದಿನ ತಮ್ಮ ಚಿತ್ರ ಬಸ್ಸಿನಲ್ಲಿ ನಮ್ಮ ಕೈಸೇರಿದಾಗ ಮೂವರೂ ಕೂಡಿಯೇ ನೋಡಿದೆವು. ಹೊನ್ನಮ್ಮನ ತೀರ್ಪನ್ನು ತಮಗೆ ಇದ್ದಂತೆಯೇ ತಿಳಿಸುತ್ತೇನೆ: "ಬಣ್ಣ ಲಾಯ್ಕ್ ಉಟ್ಟು. ನಾವಿಬ್ಬರು ಬೇಡ ಇತ್ತ್."

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಅಲ್ಪ. ಹೋದ ವರ್ಷ ತಮ್ಮ ಮೇಜಿನ ಮೇಲೆ ಹೆರೆದು ಉದುರಿಸಿದ ನಕ್ಷತ್ರಗಳನ್ನು, ಗುಡಿಸಿ ಬೀದಿಗೆ ಹಾಕಿದ್ದರೂ ಸರಿಯೇ, ಆದಷ್ಟು ಆರಿಸಿ ಅವವುಗಳ ಜಾಗದಲ್ಲಿ ಇಡಿಸಬೇಕು. ಅರ್ಧಚಂದ್ರನನ್ನು ಇಳಿಸಲು ಮನಸ್ಸಿಲ್ಲದಿದ್ದರೆ ಪಂಚಾಂಗದವರಿಗೆ ಹೇಳಿ ಆ ಅಮಾವಾಸ್ಯೆಯನ್ನು ರದ್ದು ಮಾಡಿಸಬೇಕು. ಕಿಟಕಿಯ ಚಿತ್ರ ನೋಡಿ ನನ್ನ ಹಳೆಯ ಸಹಪಾಠಿಯೊಬ್ಬರು ಸಂತಾಪದ ಕಾರ್ಡು ಬರೆದಿದ್ದಾರೆ. ಅದರಲ್ಲಿರುವ ನನ್ನ ಗುಣಗಳನ್ನು ಓದಿ ಮನೆಯಲ್ಲಿ ಯಾರೂ ನಂಬುತ್ತಿಲ್ಲವಾದ್ದರಿಂದ, ಅವು ನಿಜವೆಂದು ತಾವು ಒಂದು ಸಾಲು ಬರೆದುಕೊಟ್ಟರೆ ಉಪಕಾರವಾಗುತ್ತದೆ.

ಈ ಸಲದ ಅಮಾವಾಸ್ಯೆಗೆ ಭಾವ ಇಲ್ಲಿಯೇ ಇದ್ದರು. ಸಂಜೆ ಕತ್ತಲಾದ ಮೇಲೆ "ತಿರುಪು ನಾನೇ ತಿರುಗಿಸುತ್ತೇನೆ" ಎಂದು ಹಟ ಹಿಡಿದು ಕೂತರು. ಹೊನ್ನಮ್ಮ ಚಾಪೆಯ ಮೇಲೆ ಅಂಗಾತ ಮಲಗಿ, ಎರಡು ಚಳಿಗಾಲದಲ್ಲಿ ಮೊದಲ ಸಲ ಇಡೀ ಆಕಾಶವನ್ನು ಒಟ್ಟಿಗೆ ನೋಡಿದಳು. ಅಣ್ಣ ತಂಗಿ ಮಾತಿಗೆ ಕೂತರು. ಅತ್ತಿಗೆಯ ಮಂಡಿನೋವು, ಮಾರಿಬಿಟ್ಟ ಹಸು, ಅಮ್ಮನ ಕೊನೆಯ ದಿನಗಳು, ಎಲ್ಲ ಬಂದು ಹೋದವು. ಭಾವನಿಗೆ ತಿರುಪು ನೆನಪಾದದ್ದು ನಡುನಡುವೆ ಮಾತ್ರ. ನಾನು ಎಚ್ಚರಿಸಲಿಲ್ಲ. ಆ ಫಿಲ್ಮನ್ನು ಇಂದಿನ ಬಸ್ಸಿನಲ್ಲಿ ತಮಗೆ ಕಳಿಸುತ್ತಿದ್ದೇನೆ. ಅದರಲ್ಲಿ ಪ್ರತಿಯೊಂದು ನಕ್ಷತ್ರಕ್ಕೂ ಗೊದಮೊಟ್ಟೆಯ ಹಾಗೆ ಬಾಲ ಇರುತ್ತದೆ. ಸ್ವಾಮಿ, ತಮ್ಮ ಬ್ಲೇಡಿನ ಮೇಲೆ ಕೈಯಿಟ್ಟು ಕೇಳಿಕೊಳ್ಳುತ್ತೇನೆ, ಆ ಬಾಲಗಳನ್ನು ಮುಟ್ಟಬೇಡಿ. ಆ ಚಿತ್ರಕ್ಕೆಂದು ಹೊನ್ನಮ್ಮ ಗೋಡೆಗೆ ಈಗಾಗಲೇ ಮೊಳೆ ಹೊಡೆದಿದ್ದಾಳೆ.

ಇತಿ, ಇನ್ನೂ ಭೂಮಿಯ ಮೇಲೆಯೇ ಇರುವ
ತಮ್ಮ ವಿಶ್ವಾಸಿ,
ನಾಣಯ್ಯ

ತಾ.ಕ.: ಬಿಟ್ಟುಹೋದ ಮೆಣಸಿನ ಮೂಟೆಗಾಗಿ ಭಾವ ಬರುವ ವಾರ ವಿರಾಜಪೇಟೆಗೆ ಬರುತ್ತಾರೆ. ತಮ್ಮ ಕೈಚಳಕ ಮೆಚ್ಚಿ ಅವರೂ ಒಂದು ಫೋಟೋ ತೆಗೆಸಿಕೊಳ್ಳಬೇಕೆಂದಿದ್ದಾರೆ. ಅವರನ್ನು ದಯವಿಟ್ಟು ಕುರ್ಚಿಯ ಮೇಲೆಯೇ ಕೂರಿಸಬೇಕು, ಮೋಡದ ಮೇಲೆ ಬೇಡ. ಮಂಡಿನೋವಿನ ಅತ್ತಿಗೆಯವರು ಬಸ್ಸು ಹತ್ತಿ ಓಡಿ ಬರುವ ಸ್ಥಿತಿಯಲ್ಲಿಲ್ಲ.