ಮೂರನೆಯ ಮಹಡಿಯ ವಾನಪ್ರಸ್ಥ

ನಮ್ಮ ಚಿಕ್ಕಪ್ಪ ಸಂಸಾರ ಬಿಟ್ಟು ಕಾಡಿಗೆ ಹೋಗಿ ಎಂಟು ತಿಂಗಳಾಗಿತ್ತು. ಹುಡುಕುವುದೇನೂ ಕಷ್ಟವಿರಲಿಲ್ಲ. ವಿಜಯವಾಡದ ಭವಾನಿಪುರಂನಲ್ಲಿದ್ದ ಅವರ ಮನೆಗೆ ಹೋಗಿ ಬಾಲ್ಕನಿಯ ಗಾಜಿನ ಬಾಗಿಲು ಸರಿಸಿದರೆ ಕಾಡು ಸಿಗುತ್ತಿತ್ತು! ಎರಡು ಕುಂಡ ಕರಿಬೇವು, ಒಂದು ತುಳಸಿ, ಮಲಗಲು ಚಾಪೆ. ಕಂಬಿ ಹಿಡಿದು ಬಗ್ಗಿದರೆ ಕೃಷ್ಣಾ ನದಿ ಅಂಗೈಯಗಲ ಕಾಣುತ್ತಿತ್ತು. ತಪಸ್ಸಿಗೆ ಇನ್ನೇನು ಬೇಕು?

ಚಿಕ್ಕಪ್ಪ ಬ್ಯಾಂಕಿನಲ್ಲಿದ್ದವರು. ತುಮಕೂರಿನಿಂದ ಹೊರಟು, ವರ್ಗವಾದಲ್ಲೆಲ್ಲ ತಿರುಗಿ, ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ ಬಹಳ ವರ್ಷವಿದ್ದು, ಕೊನೆಗೆ ಇಲ್ಲಿ ನಿವೃತ್ತರಾದರು. ಮೇಲಿನವರ ಆದೇಶಕ್ಕೆ ಒಂದು ದಿನವೂ ಎದುರಾಡಿದವರಲ್ಲ. ತಲೆ ನರೆತ ಗೃಹಸ್ಥ ವಾನಪ್ರಸ್ಥಕ್ಕೆ ಹೋಗಬೇಕು ಎಂದು ಯಾರೋ ಪ್ರವಚನದಲ್ಲಿ ಹೇಳಿದ್ದೇ ತಡ, ಇವರು ಅದನ್ನು ಹೆಡ್ ಆಫೀಸಿನ ಸುತ್ತೋಲೆಯೆಂದೇ ತಿಳಿದರು. ಕನ್ನಡಿ ನೋಡಿಕೊಂಡರು. ನರೆಯುವ ಮಾತಿರಲಿ, ಅಲ್ಲಿ ಕೂದಲೇ ಇರಲಿಲ್ಲ! ಗಡುವು ಮೀರಿಹೋಯಿತೆಂದು ಗಾಬರಿಯಾಗಿ ಅಂದೇ ಚಾಪೆ ಹೊರಗೆ ಹಾಸಿದರು.

ಹೋಗುವ ಮುನ್ನ ಹೆಂಡತಿಯನ್ನು ಮಕ್ಕಳಿಗೆ ಒಪ್ಪಿಸಬೇಕಂತೆ, ಇಲ್ಲವೇ ಜೊತೆಗೆ ಕರೆದುಕೊಂಡು ಹೋಗಬೇಕಂತೆ. ಅವರಿಗೆ ಮಕ್ಕಳಿಲ್ಲ. ಎರಡು ಬೀದಿಯಾಚೆ ಇರುವ ನನಗೆ ಬೆಳಗಿನ ಆರಕ್ಕೇ ಬುಲಾವ್ ಬಂತು. ಓಡಿಹೋದರೆ ಕೈಗೆ ತಾಂಬೂಲ ಇಟ್ಟು, "ಇವತ್ತಿಂದ ನಿಮ್ಮ ಚಿಕ್ಕಮ್ಮ ನಿನ್ನ ಜವಾಬ್ದಾರಿ ಕಣಪ್ಪ" ಎಂದರು. ಅಡುಗೆಮನೆಯಲ್ಲಿ ಚಿಕ್ಕಮ್ಮನ ಕೈಯ ಪಾತ್ರೆಯೊಂದು ಸ್ವಲ್ಪ ಜೋರಾಗಿ ಸದ್ದು ಮಾಡಿತು.

ಆಹಾರ ಕಂದಮೂಲ ಮಾತ್ರ. ಮೊದಲ ವಾರ ಗೆಣಸಿನಲ್ಲೇ ಕಳೆಯಿತು. ಎರಡನೆಯ ವಾರ ಆಲೂಗಡ್ಡೆಯೂ ಕಂದಮೂಲವೇ ಎಂಬುದು ಹೊಳೆಯಿತು. ಮೂರನೆಯ ವಾರದ ಹೊತ್ತಿಗೆ ಮಸಾಲೆದೋಸೆಯಲ್ಲಿ ಮುಖ್ಯವಾದದ್ದು ಪಲ್ಯ, ದೋಸೆ ಅದನ್ನು ಸುತ್ತುವ ಎಲೆಯಷ್ಟೇ ಎಂಬ ತೀರ್ಮಾನಕ್ಕೆ ಬಂದಿದ್ದರು. ಕಾಫಿಯ ವಿಚಾರ ಕೇಳಲೇಬೇಡಿ. ಅದು ಭಿಕ್ಷೆ. ದಿನಕ್ಕೆ ನಾಲ್ಕು ಸಲ ಚಿಕ್ಕಮ್ಮನೇ ಬಾಗಿಲವರೆಗೆ ತಂದುಕೊಡುತ್ತಿದ್ದರು.

ಎದುರು ಮನೆಯವರು ಮೊದಮೊದಲು ನಕ್ಕರು, ಆಮೇಲೆ ಕೈಮುಗಿಯತೊಡಗಿದರು. ಅವರ ಯಜಮಾನರು ಒಂದು ದಿನ ಬಂದು, ಮನಶ್ಶಾಂತಿಗೆ ದಾರಿ ಯಾವುದು ಸ್ವಾಮಿಗಾರು ಎಂದು ತೆಲುಗಿನಲ್ಲಿ ಭಕ್ತಿಯಿಂದ ಕೇಳಿದರು. ನಿಮ್ಮ ಟೀವಿಯ ಸದ್ದು ತಗ್ಗಿಸಿ, ಇಬ್ಬರಿಗೂ ಸಿಗುತ್ತದೆ ಎಂದರಂತೆ ನಮ್ಮ ಋಷಿಗಳು!

ಏಪ್ರಿಲ್ ಬಂತು. ವಿಜಯವಾಡದ ಬಿಸಿಲು ಎಂಥ ತಪಸ್ವಿಯನ್ನೂ ಬಿಡುವುದಿಲ್ಲ. ಒಂದು ಸಂಜೆ ನಾನು ಹೋಗಿ ಒಳಗೆ ಬರುವಂತೆ ಬೇಡಿಕೊಂಡೆ. ಬಿಸಿಲೂ ತಪಸ್ಸಿನ ಭಾಗವೇ ಎಂದು ಅವರು ಗಡ್ಡ ನೀವಿಕೊಂಡರು. ಅಷ್ಟರಲ್ಲಿ ಚಿಕ್ಕಮ್ಮ ಕಾಫಿ ತಂದರು. ಮಂಡಿನೋವು ಅವರಿಗೆ, ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತರು. ಲೋಟ ಕೊಡಲಿಲ್ಲ.

"ಎಷ್ಟು ಊರಿಗೆ ವರ್ಗ ಆಯ್ತು ನಿಮಗೆ" ಎಂದರು. "ಎಲ್ಲಾ ಕಡೆಗೂ ಗಂಟುಮೂಟೆ ಕಟ್ಕೊಂಡು ನಿಮ್ಮ ಹಿಂದೇನೇ ಬಂದೆ. ಭಾಷೆ ಬರದ ಊರಿಗೂ ಬಂದೆ. ಇದೊಂದಕ್ಕೆ ಯಾಕ್ರೀ ನನ್ನ ಬಿಟ್ಟು ಹೋದ್ರಿ?"

ಅವರ ದನಿ ಏರಲೇ ಇಲ್ಲ. ಎಂಟು ತಿಂಗಳು ನಾವೆಲ್ಲ ನಗುತ್ತಿದ್ದದ್ದು ಯಾವುದಕ್ಕೆ ಎಂದು ನನಗೆ ಆಗ ತಿಳಿಯಿತು. ನಾಚಿಕೆಯಾಯಿತು.

ಚಿಕ್ಕಪ್ಪ ಯಾವುದಾದರೂ ಶ್ಲೋಕ ಹೇಳಬಹುದೆಂದು ಕಾದೆ. ಅವರು ಎದ್ದು ಬಂದು ಲೋಟ ಇಸಿದುಕೊಂಡರು.

"ನಿನಗೆ ಇಲ್ಲಿ ನೆಲದ ಮೇಲೆ ಕೂರೋಕ್ಕಾಗಲ್ಲ ಅಂತ..."

"ಕೇಳಿದ್ರಾ ನನ್ನ?"

ಚಿಕ್ಕಪ್ಪ ಲೋಟ ಕೆಳಗಿಟ್ಟರು. "ಕೇಳಬೇಕಾಗಿತ್ತು" ಎಂದರು. ಆಮೇಲೆ ಹೊಸಲು ದಾಟಿ ಒಳಗೆ ಬಂದು, ಚಿಕ್ಕಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕುಳಿತು ಅವರ ಮಂಡಿಯ ಮೇಲೆ ಕೈಯಿಟ್ಟರು.

"ತುಂಬಾ ನೋಯುತ್ತೇನೇ?"

ಚಿಕ್ಕಮ್ಮ ಅಳತೊಡಗಿದರು. ಆ ಮಾತನ್ನು ಎಂಟು ತಿಂಗಳಲ್ಲಿ ನಾನೂ ಒಂದು ಸಲವಾದರೂ ಅವರನ್ನು ಕೇಳಿರಲಿಲ್ಲ.