ಹನ್ನೆರಡು ನೂರಕ್ಕೆ ನಾನು ಹಿಡಿದ ಹಟ

ಏಜೆನ್ಸಿ ನಂಬಿ ದುಡಿಯುವವನಿಗೆ ವಾರಕ್ಕೊಂದಾದರೂ ಇಂಥದ್ದು ಆಗಿಯೇ ಆಗುತ್ತದೆ. ಏನೂ ಆಗಲಿಲ್ಲ ಎಂದರೆ ಆ ವಾರ ಕೆಲಸವೇ ಇರಲಿಲ್ಲ ಎಂದು ತಿಳಿಯಬೇಕು.

ನಾನು ವಿಜಯಪುರದ ಕಡೆಯವನು, ಈಗ ಗೋವಾದ ಮಡಗಾಂವದ ಮೋತಿ ಡೊಂಗರ್‌ನಲ್ಲಿ ಮನೆ. ಇಪ್ಪತ್ತೆರಡು ವರ್ಷದಿಂದ ವೈರ್‌ಮನ್. ಆದರೂ ಏಜೆಂಟ್ ಕೊಡುತ್ತಿದ್ದದ್ದು ದಿನಕ್ಕೆ ಎಂಟುನೂರು, ಮೊನ್ನೆ ಮೊನ್ನೆ ಪಕ್ಕಡ ಹಿಡಿಯಲು ಕಲಿತವನಿಗೂ ಅಷ್ಟೇ. ಈ ವರ್ಷ ಹಟ ಹಿಡಿದೆ: ಹನ್ನೆರಡು ನೂರು, ಒಂದು ರೂಪಾಯಿ ಕಡಿಮೆ ಇಲ್ಲ. ಹಟವನ್ನು ಮನೆಯಲ್ಲಿ ಕೂತು ಹಿಡಿಯುವುದು ಸುಲಭ.

ಟ್ರಯಲ್

ನಮ್ಮ ಏಜೆಂಟ್ ಬೆಳಗಾವಿಯವನು, ಮಾತು ಬೆಣ್ಣೆ. ರೇಟು ಹೇಳಿದ ಕೂಡಲೇ, "ಕೊಡೋಣಂತ, ಅದಕ್ಕೇನ? ಮೊದಲ ಒಂದ ಸಣ್ಣ ಟ್ರಯಲ್ ಆಗ್ಲಿ" ಎಂದು ತನ್ನ ಆಫೀಸಿನ ಸೀಲಿಂಗ್ ಫ್ಯಾನ್ ತೋರಿಸಿದ. ಸರಿಮಾಡಿದೆ. "ಕೈ ಚಲೋ ಐತಿ. ನಾಳೆ ಬಾ, ಮಾತಾಡೂಣು" ಎಂದ.

ಮರುದಿನ ಸ್ವಿಚ್ ಬೋರ್ಡ್. ಅದರ ಮರುದಿನ ಅರ್ಥಿಂಗ್. ನಾಲ್ಕನೇ ದಿನ ಕರೆಗಂಟೆ, ಅದೂ ಹಕ್ಕಿ ಕೂಗುವಂಥದ್ದೇ ಆಗಬೇಕಂತೆ. ಐದನೇ ದಿನ ಹೋದಾಗ ಅವನು ಕುರ್ಚಿಯಿಂದ ಎದ್ದು ಆಫೀಸೆಲ್ಲ ಸುತ್ತಾಡಿದ. ಒಂದೊಂದೇ ಸ್ವಿಚ್ ಒತ್ತಿ ನೋಡಿದ. ಎಲ್ಲ ಹತ್ತಿದವು. ಬಹಳ ಬೇಜಾರಿನಿಂದ ನನ್ನ ಕಡೆ ತಿರುಗಿದ.

"ಎಲ್ಲಾ ರಿಪೇರಿ ಮಾಡಿಬಿಟ್ಟಿಯಲ್ಲೋ ಮಾರಾಯ. ಈಗ ನಿನ್ನ ಪರೀಕ್ಷಾ ಹೆಂಗ ಮಾಡ್ಲಿ?"

ವಯಸ್ಸು

ಆರನೇ ದಿನ ಸಿಟ್ಟಿನಿಂದಲೇ ಹೋದೆ. ಅವನು ನನ್ನ ಆಧಾರ್ ಕಾರ್ಡ್ ತಿರುಗಿಸಿ ನೋಡಿ, "ನಲವತ್ತನಾಲ್ಕಾತು. ಈ ವಯಸ್ಸಿನವರು ಲಗೂನ ದಣೀತಾರ ಅಂತ ಕೆಲಸ ಕೊಡೂ ಪಾರ್ಟಿಯವರು ರೇಟ್ ಇಳಸ್ತಾರ" ಎಂದ.

"ಇಪ್ಪತ್ತೆರಡಿದ್ದಾಗ ಅನುಭವ ಇಲ್ಲ ಅಂತ ಇಳಸಿದ್ರಿ. ಈಗ ವಯಸ್ಸಾತು ಅಂತೀರಿ. ಪೂರಾ ರೇಟ್ ಸಿಗೂ ವಯಸ್ಸು ಯಾವ್ದ್ರಿ?"

ಅವನು ನಿಜಕ್ಕೂ ಯೋಚನೆ ಮಾಡಿದ. ಬೆರಳು ಮಡಚಿ ಏನೋ ಲೆಕ್ಕ ಕೂಡ ಹಾಕಿದ.

"ಅದ ನಿನಗ ನಡುವ ಬಂದು ಹೋಗೇತಿ ನೋಡು. ಆವಾಗ ನೀ ಕೇಳಲಿಲ್ಲ."

ರಿಹರ್ಸಲ್

ಮನೆಗೆ ಬಂದು ಹೇಳಿದ ಈ ಉತ್ತರ ಕೇಳಿ ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. "ನಿಮಗ ಮಾತಾಡಾಕ ಬರಂಗಿಲ್ಲ. ನಾ ಏಜೆಂಟ್ ಆಗ್ತೀನಿ, ನನ್ನ ಮುಂದ ರೇಟ್ ಕೇಳ್ರಿ" ಎಂದು ಲಟ್ಟಣಿಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತಳು.

"ಹನ್ನೆರಡು ನೂರ್ರಿ" ಎಂದೆ.

"ಪಾರ್ಟಿ ಕಡೆ ರೊಕ್ಕ ಇಲ್ಲ. ಹೋದ ಸಲ ನೀ ತಡಾ ಮಾಡಿ ಬಂದಿದ್ದಿ. ಹೊರಗ ಇನ್ನೂ ನಾಕ ಮಂದಿ ಕುಂತಾರ. ಊಟಾ ಕೊಡ್ತೀವಿ, ಅದನ್ನ ಹಿಡಕೋಬೇಕೋ ಬ್ಯಾಡೋ?"

ಅವಳ ದನಿ ಥೇಟ್ ಅವನದೇ. ಸಾವಿರಕ್ಕೆ ಬಂದೆ. ಆಮೇಲೆ ಒಂಬೈನೂರು. ಐದು ನಿಮಿಷದಲ್ಲಿ ಏಳುನೂರಕ್ಕೆ ಒಪ್ಪಿ, ಎದ್ದು ನಿಂತು ಕೈ ಮುಗಿದು, "ಉಪಕಾರ ಆತ್ರಿ" ಎಂದುಬಿಟ್ಟೆ. ಸದ್ಯ ಸಿಗುತ್ತಿದ್ದುದಕ್ಕಿಂತ ನೂರು ಕಡಿಮೆ! ಅವಳು ಹಣೆ ಹಣೆ ಬಡಿದುಕೊಂಡಳು.

ಇಬ್ಬರೂ ನಾನೇ

ಕೊನೆಗೆ ಏಜೆಂಟನೇ ಒಂದು ದಾರಿಗೆ ಬಂದ. "ಕುಂಡಯಿಯೊಳಗ ಒಂದು ಫ್ಯಾಕ್ಟರಿ ಪ್ಯಾನಲ್ ಕೆಟ್ಟೈತಿ. ಒಂದ ದಿನಾ ಮಾಡು. ಅಲ್ಲಿ ಸುಪರ್‌ವೈಸರ್ ಚಲೋ ರಿಪೋರ್ಟ್ ಕೊಟ್ಟರ ಹನ್ನೆರಡು ನೂರು ಖಾಯಂ. ಇಲ್ಲಾಂದ್ರ ಇನ್ನ ಈ ಮಾತು ತೆಗೀಬಾರ್ದು." ಒಪ್ಪಿದೆ. ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಸ್ಸಿನಲ್ಲಿರುವಾಗ ಇನ್ನೊಬ್ಬ ಏಜೆಂಟನ ಫೋನು. ಇವನು ಸಾವರ್ಡೆಯವನು. ಒಂದು ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಇವನ ಬಳಿ ಹೆಲ್ಪರ್ ಎಂದು ಹೆಸರು ಬರೆಸಿದ್ದೆ. "ಕುಂಡಯಿಗೆ ಒಬ್ಬ ಹೆಲ್ಪರ್ ಬೇಕಾಗ್ಯಾನ, ಹೋಗು" ಎಂದ. "ನನಗ ಬ್ಯಾರೆ ಕೆಲಸ ಐತ್ರಿ, ಆಗಂಗಿಲ್ಲ" ಎಂದೆ. ಇವನು ಫೋನಿನಲ್ಲಿ ತಾನು ಮಾತಾಡುವುದಷ್ಟೇ, ಕೇಳಿಸಿಕೊಳ್ಳುವ ರೂಢಿ ಇಲ್ಲ. ಇಟ್ಟುಬಿಟ್ಟ.

ಫ್ಯಾಕ್ಟರಿ ಗೇಟಿನಲ್ಲಿ ನನ್ನ ಹೆಸರಿಗೆ ಎರಡು ಪಾಸ್ ಕಾಯುತ್ತಿದ್ದವು. ಒಂದು ವೈರ್‌ಮನ್, ಒಂದು ಸಾವರ್ಡೆಯವನು ಬರೆಸಿದ ಹೆಲ್ಪರ್. ಒಂದೇ ಫ್ಯಾಕ್ಟರಿ!

"ದೂಸರಾ ಕಿಧರ್ ಹೈ?" ಎಂದು ಇನ್ನೊಬ್ಬನನ್ನು ಹುಡುಕಿದ ವಾಚ್‌ಮನ್.

"ವೋ ಭೀ ಮೈಂ ಹೀ ಹೂಂ" ಎಂದು, ಅವನೂ ನಾನೇ ಎಂಬಂತೆ ಎದೆ ಮುಟ್ಟಿಕೊಂಡೆ.

ಅವನು ನಿಯಮದ ಮನುಷ್ಯ. ಪಾಸ್ ಎರಡಿದ್ದರೆ ಎಂಟ್ರಿಯೂ ಎರಡಾಗಬೇಕೆಂದು ನನ್ನನ್ನು ಒಳಗೆ ಬಿಟ್ಟು, ಹೊರಗೆ ಕಳಿಸಿ, ಮತ್ತೆ ಒಳಗೆ ಬಿಟ್ಟ. ವೈರ್‌ಮನ್‌ಗೆ ಬಿಳಿ ಹೆಲ್ಮೆಟ್, ಹೆಲ್ಪರ್‌ಗೆ ಹಳದಿ. ಎರಡನ್ನೂ ಕೈಗೆ ಕೊಟ್ಟ.

ಹಳದಿಯನ್ನು ಮೂಲೆಯಲ್ಲಿಟ್ಟು ಪ್ಯಾನಲ್ ತೆಗೆದೆ. ಕೇಬಲ್ ಬೇಕಾಯಿತು, ಸ್ಟೋರಿಗೆ ಹೋದೆ. ಸ್ಟೋರಿನವನು, "ಬಿಳಿ ಹೆಲ್ಮೆಟ್‌ಗೆ ಸಾಮಾನ ಕೊಡಂಗಿಲ್ರಿ. ಹೆಲ್ಪರ್ ಬಂದ ಒಯ್ಯಬೇಕು" ಎಂದ. ವಾಪಸ್ ಬಂದು ಹಳದಿ ಹಾಕಿಕೊಂಡು ಹೋದೆ. ಕೊಟ್ಟ. ಸಾಲದ್ದಕ್ಕೆ, "ನಿಮ್ಮ ವೈರ್‌ಮನ್‌ಗ ಬುದ್ಧಿ ಹೇಳು, ತಾನ ಬಂದಿದ್ದ" ಎಂದ. ಹೀಗೆ ದಿನವಿಡೀ ಟೊಪ್ಪಿಗೆ ಬದಲಿಸಿದ್ದೇ ಬದಲಿಸಿದ್ದು. ಸ್ಟೋರಿನ ಮುಂದೆ ಸಾಲು ಬೇರೆ; ಹಳದಿ ಹಾಕಿಕೊಂಡಾಗೆಲ್ಲ ಸುಮ್ಮನೆ ನಿಲ್ಲುವುದೇ ಕೆಲಸ.

ಸುಪರ್‌ವೈಸರ್ ಧಾರವಾಡದವರು. ಮನುಷ್ಯರ ಮುಖ ನೋಡುವವರಲ್ಲ, ಟೊಪ್ಪಿಗೆ ಬಣ್ಣ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋಗುವವರು. ಸಂಜೆ ನಾಲ್ಕಕ್ಕೆ ಪ್ಯಾನಲ್ ಚಾಲೂ ಆಯಿತು. ಮನಸ್ಸು ತಡೆಯದೆ ಹೋಗಿ, "ಸಾಹೇಬ್ರ, ಒಂದ ಮಾತು. ವೈರ್‌ಮನ್, ಹೆಲ್ಪರ್ ಇಬ್ಬರೂ ನಾನ ರೀ" ಎಂದೆ.

"ನಡುವ ಮಾತಾಡಬ್ಯಾಡ್ರಿ, ರಿಪೋರ್ಟ್ ಬರಿಯಾಕತ್ತೇನಿ" ಎಂದರು.

ವಾಪಸ್ ಬಸ್ಸಿನಲ್ಲಿ ಬೆಳಗಾವಿಯವನ ಫೋನು ಬಂತು. "ಏನ್ ಮಾಡಿದ್ಯೋ! 'ಇಂಥಾ ವೈರ್‌ಮನ್ ನೋಡಿಲ್ಲ, ಒಬ್ಬನ ಇಬ್ಬರ ಕೆಲಸ ಮಾಡ್ಯಾನ' ಅಂತ ಬರದಾರ. ನಾಳಿಂದ ಹನ್ನೆರಡು ನೂರು, ಆತಿಲ್ಲೋ?" ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಅವತ್ತು ಬೆಲೆ ಬಂದಿತ್ತು. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ್ದೂ ಗೊತ್ತಾಗಲಿಲ್ಲ.

ಫೋನ್ ಜೇಬಿಗಿಡುವಷ್ಟರಲ್ಲಿ ಸಾವರ್ಡೆಯವನದು ಬಂತು. ಉರಿಯುತ್ತಿದ್ದ.

"ನಾಚಿಕಿ ಆಗಂಗಿಲ್ಲೇನು ನಿನಗ? ಇಡೀ ದಿನಾ ಸ್ಟೋರ್ ಮುಂದ ನಿಂತಿದ್ದಿ, ಕೆಲಸೆಲ್ಲಾ ಆ ವೈರ್‌ಮನ್ ಒಬ್ಬನ ಮಾಡ್ಯಾನಂತ! ಪಗಾರ ಇಲ್ಲ, ನಾಳೆ ಬರೂದೂ ಬ್ಯಾಡ. ಅಂವಾ ನಿಮ್ಮೂರ ಕಡೆಯಾಂವನ ಅಂತ, ನಿನ್ನ ಹೆಸರನ ಅಂತ. ಹೋಗಿ ಅವನ ಕಾಲ ಹಿಡದು ಕೆಲಸಾ ಕಲಿ!"