ಹದಿನಾಲ್ಕನೇ ಕೋಣೆಯ ಸಹಪಾಠಿಗಳು

ವೆಸ್ಲಿ ಹೌಗನ್ ಮಾಡಿದ ಒಂದೇ ತಪ್ಪೆಂದರೆ ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿದ್ದು. ಕಾಲೇಜು ಮಟ್ಟದ ಎ.ಪಿ. ಪರೀಕ್ಷೆಗಳನ್ನು ಅಲ್ಲೇ ಬರೆದರೆ ಮುಂದೆ ವಿಶ್ವವಿದ್ಯಾಲಯದಲ್ಲಿ ಕ್ರೆಡಿಟ್ ಸಿಗುತ್ತದೆ, ಆ ಪಾಠಗಳಿಗೆ ಕೂರಬೇಕಿಲ್ಲ ಎಂದು ಅಮ್ಮ ಹೇಳಿದ್ದೇ ತಡ, ಹುಡುಗ ಕುಣಿತ, ಆಟ ಎಲ್ಲ ಬಿಟ್ಟು ಏಳು ಪರೀಕ್ಷೆ ಬರೆದ. ಏಳರಲ್ಲೂ ಐದಕ್ಕೆ ಐದು. ಮಿನೆಸೋಟದ ಈ ಪುಟ್ಟ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟ ದಿನವೇ ಅವನು ಎರಡನೇ ವರ್ಷದವನಾಗಿಬಿಟ್ಟ.

ಎರಡನೇ ವರ್ಷದವರಿಗೆ ಆಗಲೇ ಅವರವರ ಗೆಳೆಯರಿದ್ದರು. ಅವನ ವಯಸ್ಸಿನ ಹದಿಮೂರು ಜನ ಹದಿನಾಲ್ಕನೇ ಕೋಣೆಯ ಪ್ರಬಂಧದ ತರಗತಿಯಲ್ಲಿ ಬಿದ್ದು ಬಿದ್ದು ನಗುತ್ತಿದ್ದರು. ಆ ಪಾಠ ವೆಸ್ಲಿಗೆ ಮಾಫಿ! ಹತ್ತು ದಿನದಿಂದ ಅವನು ಕೆಚಪ್ ಬಾಟಲಿಯ ಎದುರು ಕೂತು ಉಣ್ಣುತ್ತಿದ್ದ. ಬಾಟಲಿಯ ಮೇಲಿನ ಬರಹ ಪೂರ್ತಿ ಬಾಯಿಪಾಠವಾಗಿತ್ತು.

ಪಾಠ ಬದಲಿಸಲು ಕೊನೆಯ ದಿನ, ಅವನು ಕಚೇರಿಯ ಸಾಲಿನಲ್ಲಿ ನಿಂತ.

"ಎ.ಪಿ. ಕ್ರೆಡಿಟ್ ಬೇಡ್ವಾ?" ಕಿಟಕಿಯ ಹಿಂದಿನ ಲುಂಡ್‌ಕ್ವಿಸ್ಟ್ ಮೇಡಂ ಇಡೀ ಸಾಲಿಗೆ ಕೇಳುವಂತೆ ಕೂಗಿದರು. "ಮೂವತ್ತು ವರ್ಷದಿಂದ ಇಲ್ಲಿ ಕೂತಿದೀನಿ ಕಣಪ್ಪಾ. ಬೇಕು ಅಂತ ಅತ್ತವರನ್ನ ಕಂಡಿದೀನಿ, ಬೇಡ ಅಂತ ಅಳೋನು ನೀನೇ ಮೊದಲು. ಜ್ವರ ಗಿರ ಬಂದಿದೆಯಾ?"

"ಇಲ್ಲ ಮೇಡಂ. ಹದಿನಾಲ್ಕನೇ ಕೋಣೇಲಿ ಕೂರಬೇಕು."

"ಒಂದ್ಸಲ ಬಿಟ್ರೆ ಮತ್ತೆ ಸಿಗಲ್ಲ, ನೋಡು!"

ವೆಸ್ಲಿ ರುಜು ಹಾಕಿದ. ಹಿಂದೆ ನಿಂತಿದ್ದ ಹುಡುಗಿ ಅವನ ಭುಜ ತಟ್ಟಿದಳು. ಗುರುತಿನ ಚೀಟಿ ಕಳೆದುಕೊಂಡು ಬಂದಿದ್ದ ಪೇಟನ್.

"ಆ ಕ್ಲಾಸಲ್ಲೇ ನಾನಿರೋದು! ಅಲ್ಲ ಮಾರಾಯ, ಎ.ಪಿ. ಇದ್ರೆ ಅದಕ್ಕೆ ಕೂರೋದೇ ಬೇಡ್ವಾ? ನನಗೂ ಐದಕ್ಕೆ ನಾಲ್ಕು ಬಂದಿತ್ತು."

ಹತ್ತು ದಿನದಲ್ಲಿ ಅವನ ವಯಸ್ಸಿನವರು ಯಾರಾದರೂ ಅವನನ್ನು ಏನಾದರೂ ಕೇಳಿದ್ದು ಅದೇ ಮೊದಲು. ವೆಸ್ಲಿ ಹಿಗ್ಗಿ ಹೀರೇಕಾಯಿಯಾದ. ಮೂರು ಬಂದಿದ್ದರೂ ಸಾಕು, ಹಳದಿ ಅರ್ಜಿ ತುಂಬಬೇಕು, ಇದೇ ಕಿಟಕಿ, ಇವತ್ತು ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಡಬೇಕು ಎಂದು ಬಿಡಿಸಿ ಬಿಡಿಸಿ ಹೇಳಿದ.

"ದೇವರಂಗೆ ಸಿಕ್ಕಿದೆ ಕಣೋ!" ಎಂದವಳು ಫೋನಿನಲ್ಲಿ ಏನೋ ಟಪಟಪ ಒತ್ತತೊಡಗಿದಳು. ಅಂತೂ ಒಬ್ಬಳು ಗೆಳತಿ ಸಿಕ್ಕಳೆಂದು ವೆಸ್ಲಿ ಶಿಳ್ಳೆ ಹಾಕುತ್ತ ಹೋದ.

ಎರಡು ಗಂಟೆಗೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಲ್ಲರಿಗೂ ಆಗುವಷ್ಟು ಡೋನಟ್ ಹಿಡಿದು ಹದಿನಾಲ್ಕನೇ ಕೋಣೆಯ ಬಾಗಿಲು ತೆರೆದ. ಒಳಗೆ ಮುದುಕ ಆಸ್ಟ್‌ಬಿ ಮೇಷ್ಟ್ರು ಒಬ್ಬರೇ ಕೂತಿದ್ದರು.

"ಬಾರಪ್ಪಾ ಬಾ! ಬೆಳಿಗ್ಗೆವರೆಗೂ ಪಟ್ಟೀಲಿ ಹದಿಮೂರು ಜನ ಇದ್ರು. ಯಾವನೋ ಪುಣ್ಯಾತ್ಮ ಎ.ಪಿ. ದಾರಿ ಹೇಳಿಕೊಟ್ನಂತೆ, ಒಬ್ಬೊಬ್ರೂ ಅರ್ಜಿ ಕೊಟ್ಟು ಓಡಿಹೋದ್ರು. ಒಬ್ಬನಿದ್ರೂ ಪಾಠ ನಡೆಸಲೇಬೇಕಂತೆ. ಇವತ್ತು ಗುಂಪು ಚರ್ಚೆ. ನೀನೇ ಒಂದು ಗುಂಪು, ಕೂತ್ಕೋ."

ಕಿಟಕಿಯಾಚೆ ಹುಲ್ಲಿನ ಮೇಲೆ ಹದಿಮೂರೂ ಜನ ಕೇಕೆ ಹಾಕುತ್ತ ಆಡುತ್ತಿದ್ದರು. ಪೇಟನ್ ಅವನನ್ನು ಕಂಡು ಎರಡೂ ಕೈ ಬೀಸಿದಳು.

"ನಿನ್ನ ಸ್ನೇಹಿತರಾ?" ಎಂದರು ಮೇಷ್ಟ್ರು.

"ಆಗ್ಬೇಕಿತ್ತು ಸಾರ್," ಎಂದು ವೆಸ್ಲಿ ಡೋನಟ್ ಪೆಟ್ಟಿಗೆಯನ್ನು ಅವರತ್ತ ಸರಿಸಿದ.

"ನನಗೆ ಸಕ್ಕರೆ ಕಾಯಿಲೆ ಕಣಪ್ಪಾ," ಎಂದರು ಅವರು.